ಟೋಪಿಯೊಳಗಿನ ಹೇನು

“ಆಗೆಲ್ಲ ಟೀವಿ ಅಂದ್ರೆ ಟೀವಿ ಅತ್ತೆ. ಈಗಿನ ಥರ ಬೆರಳು ಒತ್ತಿದ ಕೂಡ್ಲೆ ಕುಣಿಯೋ ಬೊಂಬೆ ಅಲ್ಲ. ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ, ಅರ್ಧ ಗಂಟೆ. ಮುಗೀತು. ಆ ಅರ್ಧ ಗಂಟೆಗೋಸ್ಕರ ವಾರವೆಲ್ಲ ಸ್ಕೂಲಿಗೆ ಹೋಗ್ತಿದ್ವಿ, ಮೇಷ್ಟ್ರ ಹತ್ರ ಹೊಡ್ಸ್ಕೊಳ್ತಿದ್ವಿ, ಅಮ್ಮ ಹೇಳಿದ ಕೆಲಸ ಎಲ್ಲ ಮಾಡ್ತಿದ್ವಿ. ‘ಟೋಪಿ ಒಂಟೆ’ ಶುರುವಾಯ್ತು ಅಂದ್ರೆ ಬೀದೀಲಿ ಒಂದು ನರಪಿಳ್ಳೆ ಇರ್ತಿರಲಿಲ್ಲ. ಈ ತುದಿಯಿಂದ ಆ ತುದಿವರೆಗೂ ಖಾಲಿ. ಎದುರುಮನೆ ನೀರಿನ ಟ್ಯಾಂಕಿನ ಮೇಲೆ ಪಾರಿವಾಳ ಕೂತಿರ್ತಿತ್ತು, ಅಷ್ಟೇ. ಎಲ್ಲ ಕಿಟಕಿಯಿಂದಾನೂ ಅದೇ ಬ್ಯಾಂಡು. ಢಂಢಂ ಪೀಂ, ಢಂಢಂ ಪೀಂ. ಒಂಟೆ ಬರುತ್ತೆ, ತಲೆ ಮೇಲೆ ಟೋಪಿ. ಆ ಟೋಪಿಯೊಳಗೆ ಒಂದು ಹೇನು. ನಗಬೇಡಿ ಅತ್ತೆ, ಆ ಹೇನೇ ಹೀರೋ. ಒಂಟೆಗೆ ಏನೂ ತಿಳಿಯಲ್ಲ, ಬರೀ ದೇಹ. ಎಲ್ಲಿ ತಿರುಗಬೇಕು, ಯಾರನ್ನ ನಂಬಬೇಕು, ಎಲ್ಲ ಹೇನೇ ಹೇಳ್ಕೊಡಬೇಕು. ಹೇಳಿ ಹೇಳಿ ಸಾಕಾಗಿ ಕೊನೇಲಿ ಒಂದು ಮಾತು ಹೇಳುತ್ತೆ: ‘ತಲೆ ನಿಂದು, ಬುದ್ಧಿ ನಂದು!’ ಬೀದಿಗೆ ಬೀದೀನೇ ನಗ್ತಿತ್ತು. ಈಗಿನ ಮಕ್ಕಳಿಗೆ ಏನಿದೆ ಹೇಳಿ. ಎಲ್ಲ ಇದೆ, ಏನೂ ಇಲ್ಲ. ನಾವು ನೋಡಿದ್ದು ಇವರು ನೋಡಲ್ಲ. ಅಂಥ ಕಾಲ ಮತ್ತೆ ಬರಲ್ಲ ಅತ್ತೆ.”

ನಮ್ಮ ಅಳಿಯಂದಿರು ಈ ಭಾಷಣ ಮಾಡುವಾಗ ಅವರ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಕೆಳಗೆ ಯಾರೋ ವಕೀಲರ ಬಿಳಿ ಅಂಗಿ ಇತ್ತು. ‘ಮತ್ತೆ ಬರಲ್ಲ’ ಎಂಬಲ್ಲಿ ಅವರ ಗಂಟಲು ಕಟ್ಟುವುದು ವಾಡಿಕೆ. ಗಂಟಲು ಕಟ್ಟಿದಾಗ ಪೆಟ್ಟಿಗೆ ಎತ್ತಿ ಹಿಡಿಯುವುದೂ ವಾಡಿಕೆ. ಹಾಗಾಗಿ ವಕೀಲರ ಅಂಗಿ ಉಳಿಯಿತು. ಇಷ್ಟು ದುಃಖದಲ್ಲೂ ಕಸುಬು ಮರೆಯುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ನಾನು ನನ್ನ ಪಾಡಿಗೆ ಗುಂಡಿ ಹೊಲಿಯುತ್ತಾ ಕೂತೆ.

ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಹಬೆ ಮೆಟ್ಟಿಲು ಹತ್ತಿ ಬಂದು ಮನೆಯ ಕನ್ನಡಿಗಳನ್ನೆಲ್ಲ ಮಸುಕು ಮಾಡುತ್ತದೆ. ಬೇರೆಯವರ ಮನೆಯಲ್ಲಿ ಗಂಡಸರು ಬೆಳಿಗ್ಗೆ ಕನ್ನಡಿ ನೋಡಿ ತಮಗೆ ವಯಸ್ಸಾಯಿತು ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಅಳಿಯಂದಿರಿಗೆ ಆ ಸುದ್ದಿ ಮುಟ್ಟಿಯೇ ಇಲ್ಲ. ತಲೆ ನಡುವೆ ಕೂದಲು ಹೋಗಿ ಅಂಗಳವಾಗಿದೆ, ಹೊಟ್ಟೆ ಇಸ್ತ್ರಿ ಮೇಜಿಗೆ ತಾಗುತ್ತದೆ. ಮೈಮೇಲೆ ಮಾತ್ರ ಒಂಟೆಯ ಚಿತ್ರವಿರುವ ಬನಿಯನ್ನು. ಆ ಒಂಟೆಯೂ ಅವರದೇ ಹೊಟ್ಟೆಯ ಮೇಲೆ ಹಿಗ್ಗಿ ಹಿಗ್ಗಿ ಈಗ ಎಮ್ಮೆಯ ಹಾಗೆ ಕಾಣುತ್ತದೆ. ಹಾಗೆಂದು ಒಮ್ಮೆ ನನ್ನ ಮಗಳು ಅಂದಿದ್ದಕ್ಕೆ ಎರಡು ಹೊತ್ತು ಮಾತು ಬಿಟ್ಟಿದ್ದರು.

ಅಂಗಡಿಯ ಯಜಮಾನಿಕೆ ನನ್ನ ಮಗಳದು. ಬಟ್ಟೆ ತೆಗೆದುಕೊಳ್ಳುವವಳು ಅವಳು, ಗುರುತಿನ ಚೀಟಿ ಚುಚ್ಚುವವಳು ಅವಳು, ಕಲೆ ಹೋಗದಿದ್ದರೆ ಗಿರಾಕಿಯ ಹತ್ತಿರ ಜಗಳವಾಡುವವಳೂ ಅವಳೇ. ಅಳಿಯಂದಿರಿಗೆ ಅಲ್ಲಿ ಇಸ್ತ್ರಿ ಮೇಜಿನಷ್ಟು ಜಾಗ. “ರೀ, ಕಾಲರು ಸರಿಯಾಗಿ ಒತ್ತಿ.” “ರೀ, ಯಾರದ್ದು ಯಾರಿಗೆ ಕೊಟ್ರಿ?” “ರೀ, ಒಂಟೆ ಆಮೇಲೆ, ಮೊದಲು ಪರದೆ ಮಡಚಿ.” ಇಡೀ ದಿನ ಇದೇ. ಮನುಷ್ಯ ಒಂದು ಕಡೆಯಾದರೂ ರಾಜನಾಗಬೇಕಲ್ಲ? ಅವರು ರಾತ್ರಿ ಊಟಕ್ಕೆ ಕೂತಾಗ ರಾಜರಾಗುತ್ತಿದ್ದರು. ಪ್ರಜೆ ಎಂದರೆ ನನ್ನ ಮೊಮ್ಮಗಳು ಒಬ್ಬಳೇ. ತುಂಟತನಕ್ಕೆ ಅವಳನ್ನು ಎಲ್ಲರೂ ಬಿಂಗಿ ಎಂದೇ ಕರೆಯುವುದು. ತಟ್ಟೆಯ ಮುಂದೆ ಕೂತರೆ, “ಅಪ್ಪಾ, ಹೇನು” ಎನ್ನುತ್ತಿದ್ದಳು. ಅಳಿಯಂದಿರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, “ಆಗಿನ ಕಾಲದಲ್ಲಿ, ಒಂದು ಭಾನುವಾರ, ಏನ್ ತೋರಿಸಿದ್ರು ಗೊತ್ತಾ?” ಎಂದು ಶುರುಮಾಡುತ್ತಿದ್ದರು. ಹೇನು ಬಾವಿಗೆ ಬೀಳುತ್ತಿತ್ತು, ಹೇನಿಗೆ ಹಲ್ಲುನೋವು ಬರುತ್ತಿತ್ತು, ಹೇನು ಒಂಟೆಯ ಮೇಲೆ ಕೋಪಿಸಿಕೊಂಡು ಬೇರೆಯವರ ತಲೆಗೆ ಸಂಸಾರ ಸಾಗಿಸುತ್ತಿತ್ತು. ಹುಡುಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ತಟ್ಟೆ ತಾನಾಗಿ ಖಾಲಿಯಾಗುತ್ತಿತ್ತು. ಆ ಕಾರಣಕ್ಕೆ ನನ್ನ ಮಗಳು ಆ ಹೇನನ್ನು ಸಹಿಸಿಕೊಂಡಿದ್ದಳು. ಇಲ್ಲದಿದ್ದರೆ ಅವಳ ಮನೆಯಲ್ಲಿ ಹೇನು ಬದುಕುವುದು ಸುಲಭವಲ್ಲ.

“ಅಪ್ಪಾ, ನೀನು ನಿಜವಾಗ್ಲೂ ನೋಡಿದ್ದೀಯಾ?” ಎಂದು ಬಿಂಗಿ ಆಗಾಗ ಕೇಳುತ್ತಿದ್ದಳು.

“ಕಣ್ಣಾರೆ ನೋಡಿದ್ದೀನಿ ಮರಿ” ಎಂದು ಅವರು ಅವಳ ತಲೆ ಮುಟ್ಟಿ ಹೇಳುತ್ತಿದ್ದರು.

ಇದನ್ನು ಅವಳು ಶಾಲೆಯಲ್ಲಿ ಹೇಳಿ ಜಗಳವಾಡಿ ಬರುತ್ತಿದ್ದಳು. ಬೇರೆ ಮಕ್ಕಳಿಗೆ ಆ ಒಂಟೆಯೇ ಗೊತ್ತಿಲ್ಲ, ಹೇನು ಎಲ್ಲಿ ಗೊತ್ತಾಗಬೇಕು? “ನಮ್ಮಪ್ಪ ಕಣ್ಣಾರೆ ನೋಡಿದ್ದಾರೆ” ಎಂಬ ಒಂದೇ ಮಾತಿನಿಂದ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳಂತೆ.

ಇನ್ನೊಂದು ದರ್ಬಾರು ಅಳಿಯಂದಿರ ಫೋನಿನಲ್ಲಿತ್ತು. ‘ಭಾನುವಾರದ ಮಕ್ಕಳು’ ಎಂಬ ಗುಂಪು. ಮಕ್ಕಳು ಎಂದರೆ ಎಲ್ಲರಿಗೂ ಮಂಡಿನೋವು. ಒಬ್ಬರು ಹಳೆಯ ಪೆನ್ಸಿಲ್ ಡಬ್ಬಿಯ ಚಿತ್ರ ಹಾಕುತ್ತಾರೆ, ಮಿಕ್ಕವರು ಅಳುವ ಬೊಂಬೆ ಹಾಕುತ್ತಾರೆ. ಇನ್ನೊಬ್ಬರು ಬಿಸ್ಕತ್ತಿನ ಪೊಟ್ಟಣದೊಳಗೆ ಬರುತ್ತಿದ್ದ ಪ್ಲಾಸ್ಟಿಕ್ ಉಂಗುರದ ಚಿತ್ರ ಹಾಕುತ್ತಾರೆ, ಆಗ ಮಾತ್ರ ಅಳು ಸಾಲದೆ ಧ್ವನಿಯನ್ನೇ ಕಳಿಸುತ್ತಾರೆ. ಆ ಗುಂಪಿನಲ್ಲಿ ಟೋಪಿ ಒಂಟೆಯ ವಿಷಯ ಬಂದರೆ ನಮ್ಮ ಅಳಿಯಂದಿರೇ ಕೊನೆಯ ಮಾತು. ಹೇನಿನ ಬಗ್ಗೆ ಅವರು ಮೊದಲ ಸಲ ಬರೆದಾಗ ಯಾರೂ ಉತ್ತರಿಸಲಿಲ್ಲ. ಮಾರನೇ ದಿನ ಒಬ್ಬರು, “ಹೌದು ಹೌದು, ಈಗ ನೆನಪಾಯ್ತು” ಎಂದರು. ಮತ್ತೊಬ್ಬರು, “ಹೇನಿಗೆ ಕನ್ನಡಕ ಇತ್ತಲ್ವಾ?” ಎಂದರು. ವಾರ ಕಳೆಯುವುದರಲ್ಲಿ ಹೇನಿನ ಹೆಂಡತಿಯನ್ನು ಕಂಡವರೂ ಹುಟ್ಟಿಕೊಂಡರು.

ನನಗೆ ಓದು ಅಷ್ಟಕ್ಕಷ್ಟೇ. ಫೋನಿನಲ್ಲಿ ಬರುವುದನ್ನೆಲ್ಲ ಅಳಿಯಂದಿರೇ ಓದಿ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೊಂದು ಸಂಶಯ ಬಂದಿತ್ತು. ಮನೆಯೊಳಗೆ ಕೂತು ಟೀವಿ ನೋಡುತ್ತಿದ್ದ ಹುಡುಗನಿಗೆ ಬೀದಿ ಖಾಲಿ ಇದ್ದದ್ದು ಹೇಗೆ ಗೊತ್ತು? ಎದುರುಮನೆ ಟ್ಯಾಂಕಿನ ಪಾರಿವಾಳ ಹೇಗೆ ಕಂಡಿತು? ಟೋಪಿ ಯಾವ ಬಣ್ಣ ಎಂದು ಬಿಂಗಿ ಕೇಳಿದರೆ, “ಆಗೆಲ್ಲ ಕಪ್ಪು ಬಿಳುಪು” ಎಂದು ಹಾರಿಸುತ್ತಿದ್ದರು. ಪಾರಿವಾಳದ ಕತ್ತಿನ ಬಣ್ಣ ಮಾತ್ರ ಹಸಿರು, ನೇರಳೆ ಎಂದು ಬಿಡಿಬಿಡಿಯಾಗಿ ಹೇಳುತ್ತಿದ್ದರು.

ಸಂಶಯ ತೀರಿಸಿದವರು ಅವರ ತಾಯಿ, ನನ್ನ ಬೀಗಿತ್ತಿ. ಒಮ್ಮೆ ನಮ್ಮಲ್ಲಿಗೆ ಬಂದಿದ್ದಾಗ ಮಾತಿಗೆ ಮಾತು ಬಂದು ಹೇಳಿದರು: “ನಮ್ಮನೇದು ತಗಡಿನ ಚಾವಣಿ. ಆಂಟೆನಾ ಕಂಬ ಅಲ್ಲಾಡ್ತಿತ್ತು, ಯಾರಾದ್ರೂ ಹಿಡ್ಕೊಂಡು ನಿಂತ್ರೆ ಮಾತ್ರ ಚಿತ್ರ ಬರ್ತಿತ್ತು. ದೊಡ್ಡೋನು ಹತ್ತಿದ್ರೆ ತಗಡು ಬಗ್ಗೋದು. ಇವನು ಕೊನೇ ಮಗ, ಹಗುರ. ಭಾನುವಾರ ಬಂದ್ರೆ ಇವನನ್ನ ಮೇಲೆ ಹತ್ತಿಸಿಬಿಡ್ತಿದ್ವಿ. ಪಾಪ, ಒಂದು ದಿನಾನೂ ಆಗಲ್ಲ ಅಂದವನಲ್ಲ.”

ಅಂದರೆ, ಟೋಪಿ ಒಂಟೆಯ ಮಹಾ ಪಂಡಿತರು ಟೋಪಿ ಒಂಟೆಯನ್ನು ನೋಡಿರಲೇ ಇಲ್ಲ. ಬೀದಿಯವರೆಲ್ಲ ಒಳಗೆ ಕೂತು ನೋಡುವಾಗ ಅವರು ಚಾವಣಿಯ ಮೇಲೆ ಕಂಬ ಹಿಡಿದು ನಿಂತಿದ್ದರು. ಕೆಳಗೆ ಏನಾಗುತ್ತಿದೆ ಎಂಬುದನ್ನು ಅವರ ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಹೇಳುತ್ತಿದ್ದ. ಇವರಿಗೆ ಗೊತ್ತಿದ್ದದ್ದು ಆ ಕೂಗು ಮಾತ್ರ. ಎಷ್ಟೋ ವರ್ಷ ಹೇಳಿ ಹೇಳಿ, ಕೇಳಿದ್ದೆಲ್ಲ ನೋಡಿದ್ದಾಗಿ, ತಾನು ಚಾವಣಿಯ ಮೇಲಿದ್ದದ್ದೇ ಅವರಿಗೆ ಮರೆತುಹೋಗಿತ್ತು ಎಂದು ಕಾಣುತ್ತದೆ. ನಾನು ಯಾರಿಗೂ ಹೇಳಲಿಲ್ಲ. ರಾಜ್ಯ ಚೆನ್ನಾಗಿ ನಡೆಯುತ್ತಿತ್ತು, ಹುಡುಗಿ ಉಣ್ಣುತ್ತಿದ್ದಳು.

ಹೀಗಿರುವಾಗ ಒಂದು ರಾತ್ರಿ ಊಟದ ಹೊತ್ತಿಗೆ ಆ ಅಣ್ಣನ ಫೋನು ಬಂತು. ಅವರು ಬಸ್ ಕಂಡಕ್ಟರು. ಚಿಕ್ಕಂದಿನಲ್ಲಿ ಚಾವಣಿಗೆ ಕೇಳುವ ಹಾಗೆ ಕೂಗಿ ಅಭ್ಯಾಸ ಮಾಡಿಕೊಂಡ ಗಂಟಲು ಆಮೇಲೆ ಹೊಟ್ಟೆಪಾಡಿಗೆ ಬಂತು. ಅವರು ಮಾತಾಡಿದರೆ ಫೋನನ್ನು ಕಿವಿಗೆ ಇಟ್ಟುಕೊಳ್ಳುವ ಅಗತ್ಯವಿಲ್ಲ, ಮೇಜಿನ ಮೇಲಿಟ್ಟರೆ ಮನೆಮಂದಿಗೆಲ್ಲ ಕೇಳುತ್ತದೆ.

“ಲೋ, ಸಿಕ್ತು ಕಣೋ! ಟೋಪಿ ಒಂಟೆ! ಇಂಟರ್ನೆಟ್ಟಲ್ಲಿ ಯಾರೋ ಪುಣ್ಯಾತ್ಮ ಎಲ್ಲಾ ಹಾಕಿದ್ದಾನೆ. ಒಂದೂ ಬಿಡದೆ ಪೆನ್‌ಡ್ರೈವಿಗೆ ತುಂಬಿಸ್ಕೊಂಡಿದ್ದೀನಿ. ಭಾನುವಾರ ನನಗೆ ರಜಾ. ಬಂದುಬಿಡ್ತೀನಿ. ಬಿಂಗಿ ಪಕ್ಕ ಕೂತ್ಕೊಂಡು ನೋಡೋಣ!”

ಬಿಂಗಿ ಕುರ್ಚಿಯ ಮೇಲೆ ನಿಂತು ಕುಣಿದಳು. “ಅಪ್ಪಾ, ಹೇನು ಬರುತ್ತೆ! ಹೇನು ಬರುತ್ತೆ!”

ಅಳಿಯಂದಿರ ಬಾಯಿಗೆ ಹೋಗುತ್ತಿದ್ದ ತುತ್ತು ದಾರಿಯಲ್ಲೇ ನಿಂತಿತು. ಮರೆತದ್ದು ಅಷ್ಟು ಬೇಗ ನೆನಪಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. “ಒಳ್ಳೇದಾಯ್ತು” ಎಂದರು. ಯಾರೋ ಸತ್ತ ಸುದ್ದಿಗೆ ಅನ್ನುವ ಧ್ವನಿಯಲ್ಲಿ.

ಮಾರನೇ ದಿನದಿಂದ ಅವರ ಉಪಾಯಗಳು ಶುರುವಾದವು. ಮೊದಲು ಟೀವಿಗೆ ಕಾಯಿಲೆ ಬಂತು. “ಏನೋ ಸದ್ದು ಬರ್ತಿದೆ. ರಿಪೇರಿಗೆ ಕೊಟ್ಟುಬಿಡೋಣ, ಮುಂದಿನ ವಾರ ತರೋಣ.”

“ಸದ್ದು ಟೀವೀದಲ್ಲ. ನಿನ್ನೆ ನ್ಯೂಸ್ ನೋಡ್ತಾ ಗೊರಕೆ ಹೊಡೆದವರು ನೀವು” ಎಂದಳು ನನ್ನ ಮಗಳು.

ಆಮೇಲೆ ಅಣ್ಣನ ಆರೋಗ್ಯದ ಚಿಂತೆ ಬಂತು. ಪಾಪ, ವಾರವೆಲ್ಲ ಬಸ್ಸಿನಲ್ಲಿ ನಿಲ್ಲುವವನು, ರಜಾದಿನ ಮಲಗಲಿ ಎಂದರು. ಅಣ್ಣ ಸೋದರವಾತ್ಸಲ್ಯಕ್ಕೆ ಕರಗಿ, ಬೆಳಿಗ್ಗೆ ಇನ್ನೂ ಬೇಗ ಬರುತ್ತೇನೆ ಎಂದರು. ಕೊನೆಗೆ ಅಳಿಯಂದಿರು ಮಗಳ ಹತ್ತಿರವೇ ಪೀಠಿಕೆ ಹಾಕಿದರು. “ನೋಡು ಮರಿ, ಹಳೇದೆಲ್ಲ ಮತ್ತೆ ನೋಡಬಾರದು. ನೆನಪಲ್ಲಿದ್ರೇ ಚೆನ್ನ.”

“ನನಗೆ ನೆನಪಿಲ್ವಲ್ಲ ಅಪ್ಪ. ನಾನು ನೋಡೇ ಇಲ್ಲ” ಎಂದಳು ಬಿಂಗಿ.

ಅಳಿಯಂದಿರು ಪರದೆ ಮಡಚತೊಡಗಿದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಗುಂಪಿನವರ ಮುಂದೆ ಮಾನ ಹೋದರೆ ಹೋಗಲಿ, ಅಲ್ಲಿರುವವರೆಲ್ಲ ಹಾಗೆಯೇ. ಆದರೆ ‘ಕಣ್ಣಾರೆ ನೋಡಿದ್ದೀನಿ’ ಎಂದು ಮಗಳ ತಲೆ ಮುಟ್ಟಿ ಹೇಳಿದ್ದರಲ್ಲ, ಅದು ಬಯಲಾದರೆ ಊಟದ ಹೊತ್ತಿಗೆ ಅವಳು ಯಾರ ಮುಖ ನೋಡಿಕೊಂಡು ಕೂರುತ್ತಾಳೆ?

ಭಾನುವಾರ ಬಂದೇ ಬಂತು. ಕಂಡಕ್ಟರು ಬಾಗಿಲಲ್ಲೇ, “ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ” ಎನ್ನುತ್ತಾ ನಮ್ಮನ್ನೇ ನಮ್ಮ ಮನೆಯೊಳಗೆ ತಳ್ಳಿಕೊಂಡು ಬಂದರು. ಪೆನ್‌ಡ್ರೈವ್ ಚುಚ್ಚಿದರು. ಟೀವಿ ಕಪ್ಪಗೇ ಇತ್ತು.

“ಹೇಳಿದೆನಲ್ಲ” ಎಂದರು ಅಳಿಯಂದಿರು, ತುಂಬ ನೊಂದವರ ಹಾಗೆ. “ಕಾಯಿಲೆ ಇದೆ ಅಂತ.”

ಬಿಂಗಿ ಟೀವಿಯ ಹಿಂದಕ್ಕೆ ನುಸುಳಿದಳು. “ಅಪ್ಪಾ, ವೈರು ಕಿತ್ತಿಟ್ಟಿದೆ!” ಎಂದು ಅಲ್ಲಿಂದಲೇ ಕೂಗಿ ಸಿಕ್ಕಿಸಿಬಿಟ್ಟಳು. ಚಿಕ್ಕಂದಿನಲ್ಲಿ ಮನೆಮಂದಿಗೆಲ್ಲ ಚಿತ್ರ ಬರಲೆಂದು ಬಿಸಿಲಲ್ಲಿ ಕಂಬ ಹಿಡಿದ ಮಹಾನುಭಾವರು ಈಗ ತಮ್ಮ ಮನೆಗೇ ಚಿತ್ರ ಬರದಿರಲೆಂದು ವೈರು ಕಿತ್ತಿದ್ದರು. ನನ್ನ ಮಗಳು ಗಂಡನ ಮುಖ ನೋಡಿದಳು. ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು.

ಢಂಢಂ ಪೀಂ, ಢಂಢಂ ಪೀಂ ಎಂದು ಬ್ಯಾಂಡು ಶುರುವಾಯಿತು. ನಿಜ ಹೇಳಬೇಕೆಂದರೆ ಅಳಿಯಂದಿರು ಹೇಳುತ್ತಿದ್ದ ಹಾಗೇ ಇತ್ತು. ಅವರ ಮುಖ ಒಂದು ಗಳಿಗೆ ಅರಳಿತು. ಅದೊಂದನ್ನು ಅವರು ಸ್ವಂತ ಕಿವಿಯಿಂದ ಕೇಳಿದ್ದರಲ್ಲ.

ಒಂಟೆ ಬಂತು. ಬಡಕಲು ಒಂಟೆ. ತಲೆಯ ಮೇಲೆ ಟೀ ಲೋಟ ಬೋರಲು ಹಾಕಿದಷ್ಟು ಟೋಪಿ.

“ಟೋಪಿ ಇಷ್ಟೇನಾ?” ಎಂದಳು ಬಿಂಗಿ. “ಇದರಲ್ಲಿ ಹೇನು ಮಂಚ ಹೇಗೆ ಹಾಕ್ಕೊಳ್ತು?”

“ಮುಂದೆ ದೊಡ್ಡದಾಗುತ್ತೆ” ಎಂದರು ಅಪ್ಪ.

ಒಂಟೆ ಮರಳಿನಲ್ಲಿ ನಡೆಯಿತು. ನಡೆಯಿತು. ಮತ್ತೂ ನಡೆಯಿತು. ಜಾರಿಬಿತ್ತು. ಟೋಪಿ ಉರುಳಿತು. ಒಂಟೆ ಎದ್ದು ಟೋಪಿ ಹಾಕಿಕೊಂಡು ಹೋಯಿತು. ಬ್ಯಾಂಡು ಬಾರಿಸಿ ಮುಗಿಯಿತು. ಮುಂದಿನ ವಾರದ್ದು ಬಂತು. ಈ ಸಲ ಒಂಟೆ ಆ ಕಡೆಯಿಂದ ಈ ಕಡೆಗೆ ನಡೆಯಿತು. ಮಾತಿಲ್ಲ, ಕತೆಯಿಲ್ಲ. ಜಾರಿಬಿತ್ತು. ಆ ಕಾಲದ ಮಕ್ಕಳು ಇದಕ್ಕಾಗಿ ವಾರವೆಲ್ಲ ಮೇಷ್ಟ್ರ ಹತ್ತಿರ ಏಟು ತಿಂದರೇ ಎಂದು ನನಗೆ ಅಯ್ಯೋ ಅನ್ನಿಸಿತು.

“ಅಪ್ಪಾ, ಹೇನು ಯಾವಾಗ ಬರುತ್ತೆ?”

“ಬರುತ್ತೆ ಮರಿ.”

“ಇವು ಮಾತಾಡಲ್ವಾ?”

“ಆಡ್ತವೆ, ಆಡ್ತವೆ.”

ಕಂಡಕ್ಟರು ತಿರುಗಿದರು. “ಯಾವ ಹೇನು?”

“ಟೋಪಿಯೊಳಗಿರುತ್ತಲ್ಲ ದೊಡ್ಡಪ್ಪ! ‘ತಲೆ ನಿಂದು, ಬುದ್ಧಿ ನಂದು’ ಅನ್ನುತ್ತಲ್ಲ!”

ಕಂಡಕ್ಟರು ಹುಬ್ಬು ಗಂಟಿಕ್ಕಿದರು. ಆಮೇಲೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಲೋ! ಆ ಹೇನು! ಅದನ್ನ ಇನ್ನೂ ಸಾಕ್ಕೊಂಡಿದ್ದೀಯೇನೋ? ಅದು ನಾನು ಬಿಟ್ಟಿದ್ದು ಕಣೋ! ನಮ್ಮನೆ ಟೀವೀಲಿ ಒಂಟೆ ಎಲ್ಲಿ ಕಾಣ್ತಿತ್ತು, ಬರೀ ಚುಕ್ಕಿ. ಕಂಡಾಗಲೂ ಇಷ್ಟೇ, ನಡೀತಿತ್ತು, ಬೀಳ್ತಿತ್ತು. ನೀನು ಮೇಲಿಂದ ‘ಏನಾಯ್ತು, ಏನಾಯ್ತು’ ಅಂತ ಪ್ರಾಣ ತಿಂತಿದ್ದೆ. ಏನೂ ಆಗಿಲ್ಲ ಅಂದ್ರೆ ಕಂಬ ಬಿಟ್ಟು ಇಳಿದುಬಿಡ್ತಿದ್ದೆ. ಆಮೇಲೆ ನಮಗೆ ಚುಕ್ಕೀನೂ ಇಲ್ಲ. ಅದಕ್ಕೆ ಆ ಚುಕ್ಕಿಗಳಲ್ಲಿ ಒಂದನ್ನ ಹೇನು ಅಂದೆ. ನೀನು ನಗ್ತಾ ಅಲ್ಲೇ ನಿಂತೆ!”

“ಮೇಲಿಂದ ಅಂದ್ರೆ?” ಬಿಂಗಿ ಕೇಳಿದಳು. “ಅಪ್ಪ ಎಲ್ಲಿದ್ದ?”

“ಚಾವಣಿ ಮೇಲೆ. ಆಂಟೆನಾ ಹಿಡ್ಕೊಂಡು.”

“ಯಾವಾಗ್ಲೂ?”

“ಯಾವಾಗ್ಲೂ. ನಾನು ಹತ್ತಿದ್ರೆ ತಗಡು ಮುರಿಯೋದಲ್ಲ.”

ಬಿಂಗಿ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. “ಅಂದ್ರೆ ನೀನು ನೋಡೇ ಇಲ್ವಾ?”

ಟೀವಿಯಲ್ಲಿ ಒಂಟೆ ಮತ್ತೆ ಜಾರಿಬಿತ್ತು. ಯಾರೂ ನಗಲಿಲ್ಲ. ಅಳಿಯಂದಿರು ಎದ್ದು, “ವಕೀಲರ ಕೋಟು ಹಾಗೇ ಇದೆ” ಎಂದು ಮೆಟ್ಟಿಲಿಳಿದು ಹೋದರು. ವಕೀಲರು ಕೋಟು ತೆಗೆದುಕೊಂಡು ಹೋಗಿ ಎಷ್ಟೋ ದಿನವಾಗಿತ್ತು.

ಕಂಡಕ್ಟರಿಗೆ ಆಗ ಏನೋ ತಪ್ಪಾಯಿತೆಂದು ಹೊಳೆಯಿತು. ಕೆಟ್ಟ ಮನುಷ್ಯರಲ್ಲ, ಬ್ರೇಕು ಮಾತ್ರ ಸ್ವಲ್ಪ ತಡ. “ಬಾ ಮರಿ, ಹೇನಿನ ಕತೆ ನಾನೇ ಹೇಳ್ತೀನಿ. ಮಾಡಿದೋನೇ ನಾನಲ್ವಾ!” ಎಂದು ಬಿಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಒಂದಿನ ಹೇನು ಬಸ್ ಹತ್ತಿತು. ಹತ್ತಿ... ಟಿಕೆಟ್ ತಗೊಳ್ತು. ಚಿಲ್ಲರೆ ಇರಲಿಲ್ಲ...”

“ಆಮೇಲೆ?”

“ಆಮೇಲೆ ಇಳೀತು.”

“ಹೇನು ಹಾಗೆಲ್ಲ ಟಿಕೆಟ್ ತಗೊಳ್ಳಲ್ಲ ದೊಡ್ಡಪ್ಪ. ಅದು ಒಂಟೆ ಹತ್ರ ತಗೊಳ್ಳೋಕೆ ಹೇಳುತ್ತೆ. ಬಾವಿಗೆ ಬಿದ್ದಿದ್ದು ಹೇಳಿ.”

“ಬಾವಿಗೆ ಬಿದ್ದಿತ್ತಾ? ನನಗೊಂದೂ ನೆನಪಿಲ್ಲ ಕಣೇ. ಬಾಯಿಗೆ ಬಂದಿದ್ದು ಕೂಗಿದೆ, ಅಲ್ಲಿಗೆ ಮರೆತೆ.”

ಬಿಂಗಿ ಅವರ ಪಕ್ಕದಿಂದ ಎದ್ದಳು. ನಾನು ಒಂದು ಲೋಟ ಟೀ ತೆಗೆದುಕೊಂಡು ಕೆಳಗಿಳಿದೆ.

ಅಂಗಡಿಯ ಬಾಗಿಲು ಎಳೆದಿತ್ತು. ಅಳಿಯಂದಿರು ಇಸ್ತ್ರಿ ಪೆಟ್ಟಿಗೆಯನ್ನು ಬಿಸಿಗಿಡದೆ ಒಂದು ದಿಂಬಿನ ಚೀಲದ ಮೇಲೆ ಹಿಂದೆ ಮುಂದೆ ಆಡಿಸುತ್ತಿದ್ದರು. ಮೇಜಿನ ಮೇಲೆ ಫೋನು ಜೇನುಹುಟ್ಟಿನ ಹಾಗೆ ಗುಂಯ್‌ಗುಡುತ್ತಿತ್ತು. ಕಂಡಕ್ಟರು ಒಂಟೆಯನ್ನು ಬೆಳಿಗ್ಗೆಯೇ ಗುಂಪಿಗೂ ಕಳಿಸಿದ್ದರಂತೆ.

“ಏನಂತಾರೆ?” ಎಂದೆ.

“ಇದು ನಕಲಿ ಅಂತಾರೆ” ಎಂದು ಓದಿದರು. “‘ಹೇನನ್ನ ಕತ್ತರಿಸಿ ತೆಗೆದಿದ್ದಾರೆ.’ ‘ನಾನು ಕಣ್ಣಾರೆ ನೋಡಿದ್ದೇನೆ, ಕನ್ನಡಕ ಇತ್ತು.’ ‘ನಮ್ಮ ಬಾಲ್ಯ ಕದ್ದವರ ಮೇಲೆ ಕೇಸು ಹಾಕಬೇಕು.’ ಎಲ್ಲರೂ ನನ್ನನ್ನ ಕೇಳ್ತಿದ್ದಾರೆ. ಏನು ಬರೀಲಿ ಅತ್ತೆ?”

“ನಿಮ್ಮ ಗುಂಪು, ನಿಮ್ಮ ಒಂಟೆ.”

ಫೋನನ್ನು ಬೋರಲು ಹಾಕಿದರು. “ನಾನು ನೋಡೇ ಇಲ್ಲ ಅತ್ತೆ.”

“ಗೊತ್ತು.”

“ಯಾವಾಗಿಂದ?”

“ಟ್ಯಾಂಕಿನ ಮೇಲೆ ಪಾರಿವಾಳ ಇತ್ತು ಅಂದಾಗಿಂದ.”

“ಒಂದು ಮಾತು ಹೇಳಬಾರದಿತ್ತಾ?”

“ಕೇಳೋಕೆ ಚೆನ್ನಾಗಿತ್ತು ಅಳಿಯಂದಿರೇ. ಮಧ್ಯೆ ಬಾಯಿ ಯಾಕೆ ಹಾಕಲಿ?”

ಅವರು ಟೀ ಲೋಟ ಹಿಡಿದುಕೊಂಡು ಕುಡಿಯದೆ ನಿಂತರು. “ಅಣ್ಣ ನನ್ನನ್ನ ಮಂಗ ಮಾಡಿದ ಅಂತ ಬೇಜಾರಿಲ್ಲ. ನಾನು ಮಗೂನ ಮಂಗ ಮಾಡಿದೆನಲ್ಲ.”

ಆ ಮಗು ಮೆಟ್ಟಿಲ ಮೇಲೆ ನಿಂತಿತ್ತು. ಎಷ್ಟು ಹೊತ್ತಿನಿಂದಲೋ. ಇಳಿದು ಬಂದು ಅಪ್ಪನ ಎದುರಿಗೆ ಸೊಂಟದ ಮೇಲೆ ಕೈಯಿಟ್ಟಳು, ಥೇಟು ಅವಳಮ್ಮ ಕಲೆ ಹೋಗದ ಬಟ್ಟೆಯ ಮುಂದೆ ನಿಲ್ಲುವ ಹಾಗೆ.

“ಸುಳ್ಳುಗಾರ.”

“ಹೌದು ಮರಿ.”

“ಕಣ್ಣಾರೆ ನೋಡಿದ್ದೀನಿ ಅಂದಿದ್ದೆ. ನಾನು ಕ್ಲಾಸಲ್ಲೆಲ್ಲ ಹಾಗೇ ಹೇಳಿ ಜಗಳ ಆಡಿದ್ದೀನಿ.”

“ಗೊತ್ತು. ತಪ್ಪು ನಂದು.” ಅಳಿಯಂದಿರು ನೆಪ ಹೇಳಲಿಲ್ಲ, ಆಗಿನ ಕಾಲವನ್ನು ಎಳೆದು ತರಲಿಲ್ಲ. ನಾನು ಅವರಿಂದ ಅಷ್ಟನ್ನು ನಿರೀಕ್ಷಿಸಿರಲಿಲ್ಲ. “ಕೇಳಿದ್ದೆ, ಅಷ್ಟೇ. ಮೇಲೆ ಗಾಳಿ ಬೇರೆ. ಅಣ್ಣ ಕೂಗಿದ್ದರಲ್ಲಿ ಅರ್ಧ ಕೇಳಿಸ್ತಾನೇ ಇರಲಿಲ್ಲ.”

“ಕೇಳಿಸದೇ ಇದ್ರೆ ಏನ್ ಮಾಡ್ತಿದ್ದೆ?”

“ನಾನೇ ಏನಾದ್ರೂ ಅಂದ್ಕೊಳ್ತಿದ್ದೆ.”

ಬಿಂಗಿ ಯೋಚಿಸಿದಳು. ಕೋಪ ಇಳಿದಿರಲಿಲ್ಲ, ಆದರೆ ಲೆಕ್ಕ ತಾಳೆಯಾಗದಿದ್ದರೆ ಅವಳಿಗೂ ಅವಳಮ್ಮನಿಗೂ ನಿದ್ದೆ ಬರುವುದಿಲ್ಲ. “ಬಾವಿಗೆ ಬಿದ್ದಿದ್ದು ದೊಡ್ಡಪ್ಪಂಗೆ ಗೊತ್ತೇ ಇಲ್ಲ.”

“ಅದು... ಅಣ್ಣ ಹೇಳಿದ್ದಲ್ಲ ಅನ್ಸುತ್ತೆ.”

“ಹಲ್ಲುನೋವು?”

“ಅದು ನಿಮ್ಮಪ್ಪ ದವಡೆಹಲ್ಲು ಕೀಳಿಸಿಕೊಂಡ ವಾರದ್ದು” ಎಂದೆ ನಾನು. ಇಡೀ ಮನೆಯನ್ನು ಎಬ್ಬಿಸಿ ನರಳಿದ್ದರು, ಮರೆಯುವುದುಂಟೇ?

“ವಾಷಿಂಗ್ ಮೆಷಿನ್ನಲ್ಲಿ ಸಿಕ್ಕಿ ಸುತ್ತಿ ಸುತ್ತಿ ತಲೆ ತಿರುಗಿದ್ದು?”

ಮೂವರೂ ಮೂಲೆಯ ಮೆಷಿನ್ನಿನ ಕಡೆ ನೋಡಿದೆವು. ನೀರಿಲ್ಲದ ಮರಳುಗಾಡಿನಲ್ಲಿ, ಆ ಕಾಲದ ಒಂಟೆಗೆ ವಾಷಿಂಗ್ ಮೆಷಿನ್ ಎಲ್ಲಿಂದ ಬಂತು ಎಂದು ಇಷ್ಟು ವರ್ಷ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಮೆಷಿನ್ನಿನ ಬಾಗಿಲಿಗೆ ಹಿಡಿ ಮುರಿದು ಹಗ್ಗ ಕಟ್ಟಿದೆ. ಕತೆಯ ಮೆಷಿನ್ನಿಗೂ ಹಗ್ಗ ಇತ್ತು.

“ದೊಡ್ಡಪ್ಪ ಮಾಡಿದ್ದು ಯಾವುದು ಹಾಗಾದ್ರೆ?”

“ಹೇನು ಇದೆ ಅಂದಿದ್ದು. ಆ ಒಂದು ಮಾತು. ಇನ್ನೇನೋ ಸ್ವಲ್ಪ...” ಅಳಿಯಂದಿರು ಹುಡುಕಿ ಹುಡುಕಿ ನಿಲ್ಲಿಸಿದರು. ಕದ್ದ ಮಾಲು ಎಂದು ಕೈಕಟ್ಟಿ ನಿಂತವರಿಗೆ, ಬಹುಪಾಲು ನಿನ್ನದೇ, ತೆಗೆದುಕೊಂಡು ಹೋಗು ಎಂದರೆ ಹೇಗಿರುತ್ತದೆ, ಹಾಗಿತ್ತು ಮುಖ. ಸಂತೋಷವೇನೂ ಕಾಣಲಿಲ್ಲ. ಸ್ವಂತದ್ದು ಎಂದರೆ ಅವರಿಗೆ ಭಯ. ಹಳೆಯದು ಎಂದರೆ ಮಾತ್ರ ಧೈರ್ಯ.

ಬಿಂಗಿ ತೀರ್ಪು ಕೊಟ್ಟಳು. “ಇನ್ಮೇಲೆ ‘ಆಗಿನ ಕಾಲದಲ್ಲಿ’ ಅನ್ನಬಾರದು. ‘ಟೀವೀಲಿ ತೋರಿಸಿದ್ರು’ ಅನ್ನಬಾರದು.”

“ಹಾಗಂದ್ರೆ ಹೇಗೆ ಶುರು ಮಾಡೋದು?” ಆಸ್ತಿ ಜಪ್ತಿಯಾದವರ ಹಾಗೆ ಕೇಳಿದರು ಅಪ್ಪ.

“ನನಗೇನ್ ಗೊತ್ತು? ಮಾಡೋನು ನೀನು.”

“ಕೇಳ್ತೀಯಾ ಹಾಗಾದ್ರೆ?”

“ಕೇಳ್ತೀನಿ ಅಂದಿಲ್ಲ.” ಅವಳು ಕೌಂಟರಿನ ಮೇಲೆ ಹತ್ತಿ, ಅಪ್ಪನಿಗೆ ಅರ್ಧ ಬೆನ್ನು ತಿರುಗಿಸಿ ಕೂತಳು. “ಮೇಲೆ ದೊಡ್ಡಪ್ಪ ಕೂಗಿ ಮಾತಾಡ್ತಾರೆ. ಅದಕ್ಕೆ ಇಲ್ಲಿದ್ದೀನಿ.”

ಮೇಲಿನಿಂದ ನನ್ನ ಮಗಳ ಧ್ವನಿ ಬಂತು. “ರೀ! ಅಲ್ಲೇ ಇದ್ದೀರಲ್ಲ, ನಾಳೆ ಮೆಷಿನ್ನಿಗೆ ಹಾಕೋ ಪ್ಯಾಂಟುಗಳ ಜೇಬು ನೋಡಿಬಿಡಿ. ಹೋದ ಸಲ ಯಾರದೋ ಪೆನ್ನು ಹೋಗಿ ಎಲ್ಲಾ ನೀಲಿ ಆಯ್ತು!”

ಅಳಿಯಂದಿರು ಬುಟ್ಟಿ ಎಳೆದುಕೊಂಡು ಕೂತರು. ನಾನು ಇನ್ನೊಂದು ಬದಿಯಲ್ಲಿ ಕೂತೆ. ಒಂದು ಪ್ಯಾಂಟಿನ ಜೇಬು ಹೊರಗೆಳೆದು ಒದರಿದರು, ಬಸ್ ಟಿಕೆಟ್ಟು ಬಿತ್ತು. ಇನ್ನೊಂದರಿಂದ ಹಲ್ಲುಕಡ್ಡಿ. ಅವರ ತುಟಿ ಎರಡು ಸಲ ‘ಆಗಿನ’ ಎಂದು ಅಲುಗಿ ನಿಂತುಹೋಯಿತು.

“ಒಂದಿನ...” ಎಂದರು ಕೊನೆಗೆ.

“ಯಾವತ್ತು?” ಬೆನ್ನು ಕೇಳಿತು.

“ಇವತ್ತು. ಹೇನು ಇಂಥದೇ ಒಂದು ಜೇಬಿಗೆ ಬಿತ್ತು” ಎಂದು ಅವರು ಮೂರನೇ ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಒಳಗೆ ಕರಗಿದ ಚಾಕಲೇಟು ಬೆರಳಿಗೆಲ್ಲ ಅಂಟಿಕೊಂಡಿತು. ನಾನು ಒದ್ದೆ ಬಟ್ಟೆ ಕೊಟ್ಟೆ. ಅಳಿಯಂದಿರು ಬೆರಳೊರೆಸಿಕೊಂಡು, ಆ ಪ್ಯಾಂಟನ್ನು ಬೇರೆ ರಾಶಿಗೆ ಹಾಕಿ, ಮುಂದಿನದನ್ನು ಎತ್ತಿಕೊಂಡರು.